ಮರ್ವ್ ಸ್ಟೆಮ್ಲರನ ಬೆನ್ನು

ಮರ್ವ್ ಸ್ಟೆಮ್ಲರನನ್ನು ಹೊಗಳುವುದಕ್ಕೆ ಆಸ್ಟ್ರೇಲಿಯಾದ ಇಡೀ ಬಂಡಬರ್ಗ್ ಊರೇ ಇದೆ, ನನ್ನ ಬಾಯಿ ಬೇಕಾಗಿಲ್ಲ. ಆದರೆ ಅವನ ಬೆನ್ನನ್ನು ನನ್ನಷ್ಟು ಹತ್ತಿರದಿಂದ ನೋಡಿದವರು ಈ ಊರಲ್ಲಿ ಬೇರೆ ಯಾರೂ ಇಲ್ಲ. ಹಾಗಾಗಿ ಅವನ ವಿಷಯ ಬರೆಯುವುದು ನನ್ನ ತಲೆಗೇ ಬಂತು.

ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಪುಟ್ಟ ರೈಲಿನ ಚಾಲಕ ಅವನು. ಜರ್ಮನಿಯಿಂದ ಬಂದ ಮುತ್ತಜ್ಜನ ಬಿಳಿಚು ಚರ್ಮ, ಕೆಂಚು ಕೂದಲು. ಅಂಗಿ ಹಾಕುತ್ತಿದ್ದದ್ದು ಚರ್ಚಿಗೆ ಮಾತ್ರ. ನಾನು ಮನೆಗಳಿಗೆ ತಗಡಿನ ಮಾಡು ಹೊದಿಸುವವನು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವರು. ಅಲ್ಲಿಂದ ಮುಂದೆ ಎಲ್ಲವೂ ಅವನಿಗೇ ಒಲಿಯಿತು. ನಮ್ಮ ವಿಮಾ ಸಂಘ ಕಂಪನಿಯಾಗಿ ಬದಲಾದಾಗ ಎಲ್ಲರಿಗೂ ಷೇರು ಹಂಚಿತ್ತು. ನಾನು ನನ್ನದನ್ನು ಮಾರಿ ದೋಣಿಗೆ ಎಂಜಿನ್ ಕೊಂಡೆ, ಅವನು ಷೇರು ಇಟ್ಟುಕೊಂಡ. ನನ್ನ ಎಂಜಿನ್ ಬರ್ನೆಟ್ ನದಿಯ ತಳ ಸೇರಿತು. ಅವನ ಷೇರಿನಿಂದ ಮನೆಗೆ ಹೊಸ ಮಾಡು ಬಂತು. ಹೊದಿಸಿದವನು ನಾನೇ.

ಇದನ್ನೆಲ್ಲ ಸಹಿಸಿಕೊಂಡಿದ್ದೆ. ಸಹಿಸಲಾಗದ್ದು ಒಂದೇ: ನನ್ನ ಹೆಂಡತಿ ಲೊರೇನ್, ನಾನು ಸಿಗುವ ಮೊದಲು, ಒಂದು ಚಳಿಗಾಲವಿಡೀ ಇವನ ಜೊತೆ ಡ್ಯಾನ್ಸಿಗೆ ಹೋಗಿದ್ದಳು. ಅವನ ಹೆಂಡತಿ ಹಿಲ್ಡಾ ತೀರಿಕೊಂಡ ಮೇಲಂತೂ ನಮ್ಮ ಮನೆಯಲ್ಲಿ ಕೇಕ್ ಬೆಂದರೆ ಮೊದಲ ತುಂಡು ಮರ್ವನ ಪಾಲಿಗೆ ಎತ್ತಿಡಲಾಗುತ್ತಿತ್ತು.

ಹುಲ್ಲಿನ ಮೇಲೆ ಚೆಂಡು ಉರುಳಿಸುವ ನಮ್ಮ ಬೌಲ್ಸ್ ಕ್ಲಬ್ಬಿನ ಹಿಂದಿನ ಕೋಣೆಯಲ್ಲಿ ಷೇರು ಆಸಕ್ತರ ಕೂಟವೊಂದು ಸೇರುತ್ತದೆ. ಅಲ್ಲಿಗೆ ಬ್ರಿಸ್ಬೇನಿನ ವಿಶ್ವವಿದ್ಯಾಲಯದಿಂದ ತಾಮ್ಸಿನ್ ಎಂಬ ಹೆಂಗಸು ಬಂದಳು. ಷೇರು ಪೇಟೆಯಲ್ಲಿ ಜನ ಹೇಗೆ ನಡೆದುಕೊಳ್ಳುತ್ತಾರೆಂದು ವರ್ಷಗಟ್ಟಲೆ ಅಧ್ಯಯನ ಮಾಡಿ, ಈಗ ಚರ್ಮದ ಕ್ಯಾನ್ಸರ್ ಸಂಶೋಧಕರ ಜೊತೆ ಸೇರಿಕೊಂಡವಳು.

"ಬೆಲೆ ಬಿದ್ದಾಗ ಕೆಲವ್ರು ನೋಡೋದನ್ನೇ ಬಿಟ್ಬಿಡ್ತಾರೆ," ಎಂದಳು. "ಅಂಥವ್ರು ಮೈಮೇಲಿನ ಮಚ್ಚೇನೂ ನೋಡ್ಕೊಳ್ಳಲ್ವಾ? ನಂಗೆ ತಿಳೀಬೇಕಾಗಿರೋದು ಇಷ್ಟೇ."

ಅದಕ್ಕೆ ಪ್ರತಿಯೊಬ್ಬರೂ ದಿನಕ್ಕೆಷ್ಟು ಸಲ ಬೆಲೆ ನೋಡಿದೆವೆಂದು ಅವಳಿಗೆ ತಿಳಿಸಬೇಕು. ತಿಂಗಳಿಗೊಮ್ಮೆ ಬೇರೆಯವರಿಂದ ಬೆನ್ನು ನೋಡಿಸಿಕೊಳ್ಳಬೇಕು.

"ನನ್ನ ಬೆನ್ನು ಯಾರು ನೋಡ್ತಾರಮ್ಮ?" ಎಂದ ಮರ್ವ್. "ಹಿಲ್ಡಾ ಹೋದ್ಮೇಲೆ ಬಿಸ್ಲೊಂದೇ ನೋಡಿರೋದು."

ಎಲ್ಲರೂ ನಕ್ಕರು. ಚಹಾ ಸುರಿಯುತ್ತಿದ್ದ ಲೊರೇನ್, "ಅದಕ್ಯಾಕೆ ಚಿಂತೆ ಮರ್ವ್, ನಾನು ನೋಡ್ತೀನಿ ಬಿಡು," ಅಂದುಬಿಟ್ಟಳು.

ನಾನು ಕಪ್ಪು ಕುಕ್ಕಿದ ರಭಸಕ್ಕೆ ಸಾಸರ್ ಎರಡು ಹೋಳಾಯಿತು. "ಅವನ ಬೆನ್ನು ನಾನು ನೋಡ್ತೀನಿ!"

ಮೂಲೆಯಲ್ಲಿದ್ದ ಮುದುಕಿ ಬೆರಿಲ್, "ಕ್ಲೈವ್, ಮದುವೆ ದಿನ ಪಾದ್ರಿ ಕೇಳಿದಾಗ್ಲೂ ನೀನು ಇಷ್ಟು ಗಟ್ಟಿಯಾಗಿ ಒಪ್ಕೊಂಡಿರ್ಲಿಲ್ಲ ಕಣೋ," ಎಂದಳು. ಕೋಣೆ ಕಿತ್ತುಹೋಗುವ ಹಾಗೆ ನಗು.

ಹೀಗೆ ತಿಂಗಳಿಗೊಂದು ಭಾನುವಾರ ಅವನ ಶೆಡ್ಡಿನಲ್ಲಿ ನನಗೆ ಈ ಶಿಕ್ಷೆ. ಅವನು ಚರ್ಚಿನ ಅಂಗಿ ಬಿಚ್ಚಿ ಸ್ಟೂಲಿನ ಮೇಲೆ ಕೂರುವನು. ನಾನು ಫೋನಿನಲ್ಲಿ ಫೋಟೋ ತೆಗೆದು, ಹಳೆಯದರ ಪಕ್ಕ ಹಿಡಿದು ಹೋಲಿಸುವೆ. ಬೆನ್ನು ಕೂಡ ನನಗಿಂತ ಅಗಲ. ಡ್ಯಾನ್ಸಿನಲ್ಲಿ ಲೊರೇನಳ ಕೈ ಎಲ್ಲಿತ್ತೋ ಎಂದು ಕಣ್ಣು ಬೇಡವೆಂದರೂ ಹುಡುಕುತ್ತಿತ್ತು.

"ಆ ಗಣಿ ಕಂಪನಿ ಷೇರು ಬಿದ್ದಿದೆ ಕ್ಲೈವ್, ಈಗ್ಲೇ ತಗೋ."

"ಬಾಯಿ ಮುಚ್ಕೊಂಡು ಅಲ್ಲಾಡ್ದೆ ಕೂತ್ಕೋ."

ಸೆಪ್ಟೆಂಬರಿನಲ್ಲಿ ಎಡ ಹೆಗಲ ಕೆಳಗಿನ ಮಚ್ಚೆ ಬೇರೆಯಾಗಿ ಕಂಡಿತು. ಅಂಚು ಹರಿದ ಹಾಗಿತ್ತು, ಒಂದು ಬದಿ ಮಸಿಗಪ್ಪು. ಫೋನ್ ಅವನ ಕೈಗಿಟ್ಟೆ. ಪೇಟೆ ಕುಸಿದ ವರ್ಷ ಉಳಿದವರೆಲ್ಲ ಟಿವಿ ಆರಿಸಿ ಕೂತಾಗ, ಬೆಳಗಿನ ಚಹಾಕ್ಕೂ ಮುಂಚೆ ಬೆಲೆ ನೋಡುತ್ತಿದ್ದ ಈ ಮನುಷ್ಯ, ಫೋಟೋ ನೋಡದೆಯೇ ಫೋನನ್ನು ಮಗುಚಿ ವಾಪಸು ಕೊಟ್ಟ.

"ಕಬ್ಬು ಅರೆಯೋದು ಮುಗೀಲಿ. ಕ್ರಿಸ್‌ಮಸ್ ಆದ್ಮೇಲೆ ನೋಡೋಣ."

ನಮ್ಮ ಕಡೆ ಇದೊಂದು ರೋಗ. ಕಾರ್ಖಾನೆ ಓಡುತ್ತಿರುವಾಗ ಹಲ್ಲುನೋವಿನಿಂದ ಹಿಡಿದು ವಿಚ್ಛೇದನದ ತನಕ ಎಲ್ಲವೂ ಕ್ರಿಸ್‌ಮಸ್ ಆದ ಮೇಲೆ.

ನಾನು ತಾಮ್ಸಿನಳಿಗೆ ಫೋನ್ ಮಾಡಿದೆ. "ಬೆಲೆ ನೋಡೋರು ಮೈನೂ ನೋಡ್ಕೋತಾರೆ ಅಂದ್ಕೊಂಡಿದ್ದೆ. ಎಲ್ರೂ ಹಾಗಲ್ಲ ಅಂತ ಕಾಣ್ಸುತ್ತೆ," ಎಂದಳು. "ಅದಿರ್ಲಿ, ನೀವು ಅವರನ್ನ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ಅದು ಚರ್ಮದ ಮೇಲ್ಗಡೆನೇ ಇದ್ರೆ ತೆಗೆಸ್ಕೊಂಡೋರು ಹೆಚ್ಚುಕಡಿಮೆ ಎಲ್ರೂ ಬದುಕ್ತಾರೆ. ಒಳಕ್ಕೆ ಇಳಿದ್ಮೇಲೆ ಕಥೆ ಬೇರೆ. ಕ್ರಿಸ್‌ಮಸ್‌ವರೆಗೆ ಕಾಯೋ ವಿಷ್ಯ ಅಲ್ಲ ಇದು."

ಲೊರೇನಳಿಗೆ ಹೇಳಿದೆ. ಅವಳು ಹಿತ್ತಲ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತಳು. ನಾನು ಮಾಡಿನಿಂದ ಬಿದ್ದು ಸೊಂಟ ಮುರಿದುಕೊಂಡಾಗ ಈ ಹೆಂಗಸು ಅತ್ತಿರಲಿಲ್ಲ, ಬೈದಿದ್ದಳು. ಆಗ ನನಗೆ ಹೊಳೆಯಿತು: ಇವನು ಸತ್ತರೆ ನಮ್ಮ ಮನೆ ಬಿಟ್ಟು ಎಂದಿಗೂ ಹೋಗುವುದಿಲ್ಲ.

ಮರುದಿನ ಬೆಳಿಗ್ಗೆ ಕಬ್ಬಿನ ಗದ್ದೆಯ ಬದಿಯಲ್ಲಿ, ಅವನ ರೈಲು ಹೊರಡುವ ಮುಂಚೆ, ನನ್ನ ಗಾಡಿಯನ್ನು ಹಳಿಗೆ ಅಡ್ಡ ನಿಲ್ಲಿಸಿದೆ. ಅವನು ಸೀಟಿ ಹೊಡೆದೇ ಹೊಡೆದ.

"ತೆಗಿಯೋ ಅದನ್ನ! ಕಾರ್ಖಾನೆಯವ್ರು ನಿನ್ನ ಚರ್ಮ ಸುಲೀತಾರೆ!"

"ಚರ್ಮದ ಮಾತಿಗೇ ಬಂದಿರೋದು. ಇಳಿ ಕೆಳಗೆ!"

"ಕ್ರಿಸ್‌ಮಸ್ ಆದ್ಮೇಲೆ ಅಂದ್ನಲ್ಲೋ."

"ಷೇರು ಬಿದ್ರೆ ಕಣ್ಣು ಮಿಟುಕಿಸ್ದೆ ನೋಡ್ತೀಯ. ಇದನ್ನ ನೋಡೋಕೇನು ದಾಡಿ?"

ಅವನು ಗ್ರೀಸಿನ ಕೈ ಒರೆಸಿಕೊಂಡ. "ಷೇರು ಬಿದ್ರೆ ಮಾರ್ಬೋದು ಕ್ಲೈವ್. ಇದನ್ನ ಯಾರಿಗೆ ಮಾರ್ಲಿ? ಹಿಲ್ಡಾ ತಾನೇ ನಡ್ಕೊಂಡು ಆಸ್ಪತ್ರೆಗೆ ಹೋದ್ಳು. ವಾಪಸ್ ಬಂದೋಳು ಅವ್ಳಾಗಿರ್ಲಿಲ್ಲ."

ಉತ್ತರ ಇಲ್ಲದಾಗ ನಾನು ಕೂಗುತ್ತೇನೆ, ಅದು ಹುಟ್ಟುಗುಣ.

"ನೀನು ಸತ್ರೆ ನನ್ನ ಹೆಂಡ್ತಿ ಅಳ್ತಾಳೆ! ನಿನ್ನ ಫೋಟೋ ಫ್ರಿಜ್ಜಿಗೆ ಅಂಟಿಸ್ತಾಳೆ! ಬದುಕಿರೋ ನಿನ್ನನ್ನೇ ನನ್ನ ಕೈಲಿ ಸೋಲ್ಸೋಕಾಗಿಲ್ಲ, ಸತ್ತೋನನ್ನ ಹೇಗೆ ಸೋಲಿಸ್ಲೋ ದರಿದ್ರ?"

ಅವನು ಬಾಯಿ ತೆರೆದು ನೋಡಿದ. ಆಮೇಲೆ ಬಾಗಿಲಿನ ಕಂಬಿ ಹಿಡಿದುಕೊಂಡು ನಗತೊಡಗಿದ, ಕಣ್ಣಲ್ಲಿ ನೀರು ಬರುವ ತನಕ.

"ಇಷ್ಟು ವರ್ಷದಿಂದ ನಿಂಗೆ ಇದಾ ಹೊಟ್ಟೆಯಲ್ಲಿ? ಅವ್ಳು ನನ್ನ ಕಾಲು ತುಳಿದು ತುಳಿದು ಬಾವು ಬರ್ಸಿದ್ಲು ಮಾರಾಯ. ಆ ಚಳಿಗಾಲ ಪೂರ್ತಿ ಕುಂಟ್ತಿದ್ದೆ."

"ಕುಂಟ್ಕೊಂಡೇ ಹೋದೆಯಲ್ಲ, ಪ್ರತೀ ವಾರ!"

ಅವನು ರೇಡಿಯೋ ಎತ್ತಿ, ಬೇರೆ ಚಾಲಕನನ್ನು ಕಳಿಸಿ ಎಂದು ಕಾರ್ಖಾನೆಗೆ ತಿಳಿಸಿ ಇಳಿದು ಬಂದ. ಡಾಕ್ಟರ ಕೋಣೆಯ ಬಾಗಿಲಲ್ಲಿ ಒಮ್ಮೆ ನಿಂತುಬಿಟ್ಟ. ನಾನು ತೋಳು ಹಿಡಿದು ಒಳಕ್ಕೆ ನೂಕಿದೆ.

ಅದು ಕ್ಯಾನ್ಸರೇ. ಆದರೆ ಆಳಕ್ಕೆ ಇಳಿದಿರಲಿಲ್ಲ. ಸುತ್ತ ಅಗಲವಾಗಿ ಕತ್ತರಿಸಿ ತೆಗೆದರು. ಬದುಕುವ ಅವಕಾಶ ಚೆನ್ನಾಗಿದೆ, ಆದರೆ ತಪಾಸಣೆ ತಪ್ಪಿಸಬಾರದು ಎಂದರು.

ಸುದ್ದಿ ಕೇಳಿದ ಲೊರೇನ್ ಅವನನ್ನು ತಬ್ಬಿ, ನನ್ನ ಎದುರಿಗೇ, ಕೆನ್ನೆಗೆ ಮುತ್ತು ಕೊಟ್ಟಳು. ನಾನು ಕಿಟಕಿಯಾಚೆ ನೋಡಿದೆ.

ಈಗಲೂ ಪ್ರತಿ ತಿಂಗಳು ಶೆಡ್ಡಿಗೆ ಹೋಗುತ್ತೇನೆ. ಹೆಗಲ ಕೆಳಗೆ ಬಾಗಿದ ಗಾಯದ ಗುರುತಿದೆ, ಹಳೆಯ ಯುದ್ಧದಿಂದ ಬಂದವನಿಗಿರುವ ಹಾಗೆ. ಅದೂ ಅವನಿಗೆ ಒಪ್ಪುತ್ತದೆ, ಹಾಳಾದವನಿಗೆ.