ಫೆಲಿಕ್ಸನ ಜರ್ಮನ್ ಕಾರು

ಕಾರುಗಳ ವಿಷಯದಲ್ಲಿ ನನ್ನ ಜ್ಞಾನ ಅವುಗಳ ಬಣ್ಣದಾಚೆಗೆ ಹೋದದ್ದಿಲ್ಲ. ಕಪ್ಪು ಕಾರು, ಬಿಳಿ ಕಾರು, ಇನ್ನು ನಮ್ಮ ಪಂಚೆಗೆ ಕೆಸರು ಹಾರಿಸಿ ಹೋದ ಕಾರು. ಆದರೂ ಜರ್ಮನಿಯ ಒಂದು ಸ್ಪೋರ್ಟ್ಸ್ ಕಾರಿನ ವಂಶಾವಳಿಯನ್ನು ಇಂದಿಗೂ ತಡವರಿಸದೆ ಹೇಳಬಲ್ಲೆ. ಅದಕ್ಕೆ ಗೆಳೆಯ ಫೆಲಿಕ್ಸನೇ ಕಾರಣ.

ಅರವತ್ತರ ದಶಕದ ಆರಂಭದಲ್ಲಿ ನಾವಿಬ್ಬರೂ ಮಣಿಪಾಲದಲ್ಲಿ ಮೇಷ್ಟ್ರುಗಳು; ಉಡುಪಿಯ ಬನ್ನಂಜೆಯಲ್ಲಿ ಅಕ್ಕಪಕ್ಕದ ಮನೆ. ಹಡಗಿನಲ್ಲಿ ಕೆಲಸಕ್ಕಿದ್ದ ಅವನ ಮಾವ ಯುರೋಪಿನಿಂದ ಕಾರಿನ ಪತ್ರಿಕೆಗಳನ್ನು ತಂದುಕೊಡುತ್ತಿದ್ದರು. ಸೈಕಲ್ಲನ್ನೂ ನೆಟ್ಟಗೆ ಬಿಡಲಾರದ ಫೆಲಿಕ್ಸ್ ಉಡುಪಿಯ ಬಸ್ ಸ್ಟ್ಯಾಂಡಿನಲ್ಲಿ ಪಾಠ ಶುರುಮಾಡುತ್ತಿದ್ದ: "ಮೊದಲು ಎದುರಿನ ಗಾಜು ಎರಡು ತುಂಡು, ಮಾರಾಯ. ಆಮೇಲೆ ಒಂದೇ ಗಾಜು, ಆದರೆ ನಡುವೆ ಮಡಿಕೆ ಉಂಟು. ಈಗ ಪೂರಾ ಬಾಗಿದ ಗಾಜು!" ದಶಾವತಾರ ಕೇಳಿ ಬೆಳೆದ ನನಗೆ ಅವತಾರಗಳು ಹೊಸತಲ್ಲ. ಇಲ್ಲಿ ಪ್ರತಿ ಅವತಾರದಲ್ಲೂ ದೀಪ, ಬಂಪರುಗಳ ರೂಪ ಬದಲಾಗುತ್ತಿತ್ತು. ಗಾಳಿಯಲ್ಲೇ ತಣ್ಣಗಾಗುವ ಎಂಜಿನ್ ಮಾತ್ರ ಹಟಮಾರಿಯಂತೆ ಹಿಂಬದಿಯಲ್ಲೇ ಇತ್ತು.

ಹೆಣ್ಣು ನೋಡಲು ಹೋದಲ್ಲೂ ಇದೇ ಪುರಾಣ ಬಿಚ್ಚಿ ಅವನು ಎರಡು ಸಂಬಂಧಗಳನ್ನು ಕಳೆದುಕೊಂಡಿದ್ದ. ಮೂರನೆಯ ಸಲ ಕಾರ್ಕಳಕ್ಕೆ ಹೊರಟಾಗ ಅವನ ತಾಯಿ ನನ್ನೆದುರೇ ಹೇಳಿದರು: "ಇವತ್ತು ಕಾರಿನ ಮಾತೆತ್ತಿದರೆ ನಿನಗೆ ಇನ್ನು ಮದುವೆಯೇ ಇಲ್ಲ." ಅವನು ಆಣೆಯಿಟ್ಟ.

ಅರ್ಧ ದಾರಿಯಲ್ಲಿ ನಾವು ಮೂವರು ಕೂತಿದ್ದ ಬಸ್ಸು ಕೆಟ್ಟು ನಿಂತಿತು. ಗೊಮ್ಮಟನನ್ನು ನೋಡಲು ಹೊರಟಿದ್ದ ಬಿಳಿಯ ಪ್ರವಾಸಿಯೊಬ್ಬ ನಮ್ಮನ್ನು ಕಂಡು ತನ್ನ ಕಾರು ನಿಲ್ಲಿಸಿದ. ಕೆಂಪು ಕಾರು ಎಂಬುದಷ್ಟೇ ನನಗೆ ತಿಳಿದದ್ದು. ಉಳಿದದ್ದನ್ನು ಫೆಲಿಕ್ಸನ ತೆರೆದ ಬಾಯಿ ಹೇಳಿತು. ಆದರೆ ಮುಂದಿನ ಸೀಟಿನಲ್ಲಿ ತಾಯಿ ಆಗಲೇ ಕೂತಾಗಿತ್ತು. ವರ್ಷಗಟ್ಟಲೆ ಕನಸು ಕಂಡ ಕಾರಿನಲ್ಲಿ ಫೆಲಿಕ್ಸ್ ಹಿಂದುಗಡೆ ನನ್ನ ಪಕ್ಕ, ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು, ತಾಯಿಯ ತುರುಬನ್ನು ನೋಡುತ್ತ ಪ್ರಯಾಣ ಮಾಡಿದ.

ಹೆಣ್ಣಿನ ಮನೆಯವರೆಲ್ಲ ಅಂಗಳಕ್ಕೆ ಬಂದರು. "ಇದು ಎಂತ ಕಾರು?" ಎಂದು ಹುಡುಗಿಯ ತಂದೆ ಕೇಳಿಯೇಬಿಟ್ಟರು. ಫೆಲಿಕ್ಸ್ ತುಟಿ ಕಚ್ಚಿಕೊಂಡ. ತಾಯಿಯನ್ನು ನೋಡಿದ, ಕಾರನ್ನು ನೋಡಿದ. ಆಮೇಲೆ ಕಟ್ಟೆ ಒಡೆಯಿತು. ತಾಯಿ ಜಪಸರ ಹೊರತೆಗೆದರು. ಕಾಫಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಹುಡುಗಿ ಲಿಲ್ಲಿ ಬಾಗಿದ ಗಾಜಿನವರೆಗೂ ಕೇಳಿಸಿಕೊಂಡು, ನಡುವೆ ಬಾಯಿ ಹಾಕಿದಳು:

"ಇಷ್ಟೆಲ್ಲ ಬದಲಿಸಿದ್ದಾರಲ್ವಾ, ಹಿಂದೆ ಮನುಷ್ಯರು ಕೂರುವ ಹಾಗೆ ಯಾಕೆ ಮಾಡ್ಲಿಲ್ಲ? ನೀವು ಇನ್ನೂ ಬಗ್ಗಿಯೇ ಇದ್ದೀರಿ."

ಫೆಲಿಕ್ಸ್ ಮೊದಲ ಬಾರಿ ಕಾರಿನಿಂದ ಕಣ್ಣು ಕಿತ್ತು ಅವಳನ್ನು ನೋಡಿದ. "ಅದನ್ನು ನಾನು ಯೋಚಿಸಿಯೇ ಇರ್ಲಿಲ್ಲ" ಎಂದು ಜೋರಾಗಿ ನಕ್ಕ. ಅವಳೂ ನಕ್ಕಳು. ತಾಯಿ ಜಪಸರವನ್ನು ಚೀಲಕ್ಕೆ ಹಾಕಿಕೊಂಡು ಕಾಫಿ ತೆಗೆದುಕೊಂಡರು.

ಅವರ ಮದುವೆಯಾದ ಮೇಲೆ ಜರ್ಮನಿಯವರು ಆರು ಸಿಲಿಂಡರಿನ ಹೊಸ ಕಾರು ತಂದರಂತೆ. ಗೋಡೆಯಾಚೆ ಫೆಲಿಕ್ಸ್ ಓದಿ ಹೇಳುವುದು, ಲಿಲ್ಲಿ ಅಡ್ಡಪ್ರಶ್ನೆ ಹಾಕುವುದು, ಇಬ್ಬರೂ ನಗುವುದು ಕೇಳಿಸುತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಮಾತ್ರ ಅವನು ಹವೆಯ ಬಗ್ಗೆ ಮಾತನಾಡತೊಡಗಿದ. ಮನೆಯಲ್ಲಿ ಕೇಳುವವರು ಸಿಕ್ಕವನಿಗೆ ಊರಿನ ಕಿವಿ ಬೇಕಾಗುವುದಿಲ್ಲ. ನಾಲ್ಕು ದಿನ ತಡೆದುಕೊಂಡೆ. ಐದನೆಯ ದಿನ ನಾನೇ ಅವರ ಬಾಗಿಲು ತಟ್ಟಿ ಕೇಳಿದೆ: "ಗಾಜು ಎಂತ ಆಯಿತು, ಮಾರಾಯ?"