ಕಂಪ್ಯೂಟರಿನ ಹಿಂದೆ ಒಣಹಾಕಿದ ಸೀರೆ

ನಮ್ಮ ಮಾವನ ಕಂಪ್ಯೂಟರು ಆಟದ ನಡುವೆ ನಿಂತುಹೋಗುತ್ತಿದ್ದದ್ದು ನನ್ನಿಂದ. ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ, ನಕ್ಕು ಮರೆಯುವ ಮಾತು ಅದು. ಆದರೆ ಅವರು ನನ್ನನ್ನೇ ಕೇಳಿದರು. ನಾನು ಸುಳ್ಳು ಹೇಳಿದೆ. ಆ ಸುಳ್ಳನ್ನು ನಂಬಿ ಅವರು ತಮ್ಮ ಕೈಯನ್ನೇ ನಂಬುವುದು ಬಿಟ್ಟರು — ಅದಾಗಿ ಐದು ಮಳೆಗಾಲ ಕಳೆದಿದೆ.

ಮಾವ ಮೂವತ್ತು ವರ್ಷ ಮಲ್ಲಾಪುರದ ಕ್ವಾರ್ಟರ್ಸಿನಲ್ಲಿದ್ದು ವಿದ್ಯುತ್ ಸ್ಥಾವರದ ಪಂಪು, ಮೋಟರು ನೋಡಿಕೊಂಡವರು. ನಿವೃತ್ತಿಯಾಗಿ ಹಟ್ಟಿಕೇರಿಯ ನಮ್ಮ ಮನೆಗೆ ಬಂದ ಮೇಲೂ ಕೈ ಸುಮ್ಮನೆ ಕೂರಲಿಲ್ಲ. ಕೇರಿಯಲ್ಲಿ ಯಾರ ಬಾವಿಯ ಪಂಪು ನಿಂತರೂ, ಯಾರ ಮಿಕ್ಸರು ಕೂಗಿದರೂ ಇವರಿಗೇ ಕರೆ. ಹೋದವರು ಮೊದಲು ಸ್ಕ್ರೂಡ್ರೈವರ್ ಹಿಡಿಯುವುದಿಲ್ಲ. ಅಂಗೈಯನ್ನು ಮೋಟರಿನ ಮೇಲಿಟ್ಟು, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಹಾಗೇ ಕೂರುವುದು. ಆಮೇಲೆ "ಬೇರಿಂಗು ಹೋಗಿದೆ" ಅಂತಲೋ, "ಇದು ನೀರಿಲ್ದೇ ಓಡಿದೆ" ಅಂತಲೋ ಒಂದೇ ಮಾತು. ಆ ಮಾತು ತಪ್ಪಿದ್ದನ್ನು ನಾನು ಕಂಡಿಲ್ಲ.

ಇನ್ನೊಂದು ಅಭ್ಯಾಸ, ಪುಸ್ತಕ. ಏನು ಕೆಟ್ಟರೂ ವೇಳೆ ಬರೆದು, ಏನಾಯಿತು ಬರೆದು, ಕಾರಣ ಸಿಕ್ಕ ದಿನ ಅದನ್ನೂ ಬರೆಯುವುದು. ಒಮ್ಮೆ ನನ್ನ ಗಂಡ ಟ್ಯಾಂಕಿಯ ವಾಲ್ವ್ ತೆರೆದಿಟ್ಟು ನೀರೆಲ್ಲ ಹರಿದುಹೋದಾಗ ನಾನು, "ಬರೀರಿ ಮಾವ, ನಿಮ್ಮ ಮಗಂದೇ ಹೆಸರು ಬರೀರಿ" ಎಂದೆ. ಅವರು ತಲೆ ಆಡಿಸಿದರು. "ದೋಷ ಬರೀಬೇಕು ತಂಗೀ, ಹೆಸರು ಬರೀಬಾರ್ದು. ಹೆಸರು ಬರದ್ರೆ ನಾಳೆ ಯಾರೂ ಖರೇ ಹೇಳೂದಿಲ್ಲ." ನಮ್ಮ ಕಡೆ ಸೊಸೆಯನ್ನೂ ತಂಗೀ ಅಂತಲೇ ಕರೆಯುವುದು. ಈ ಮಾತು ನನಗೆ ಮೊದಲೇ ಗೊತ್ತಿತ್ತು ಅಂತ ಇಲ್ಲೇ ಹೇಳಿಬಿಡುತ್ತೇನೆ. ಖರೇ ಹೇಳಿದರೆ ಬೈಸಿಕೊಳ್ಳಬೇಕೆಂಬ ಹೆದರಿಕೆ ನನಗಿರಲಿಲ್ಲ.

ಆಟ ಅಂದರೆ ವಿಮಾನ ಹಾರಿಸುವ ಆಟ. ಜೀವಮಾನದಲ್ಲಿ ವಿಮಾನ ಹತ್ತಿದವರಲ್ಲ ಮಾವ. ಸಂಜೆ ಐದೂವರೆಗೆ ಕನ್ನಡಕ ಒರೆಸಿ ಕೂತರೆ ಏಳರ ತನಕ ಏಳುತ್ತಿರಲಿಲ್ಲ. ನನಗೆ ಒಳಗೊಳಗೇ ಉರಿ — ಶಾಲೆಯಲ್ಲಿ ಮಕ್ಕಳ ಹತ್ತಿರ ಗಂಟಲು ಹರಿದುಕೊಂಡು, ಕಾರವಾರದಿಂದ ಬಸ್ಸಿನಲ್ಲಿ ನಿಂತು ಬಂದು ನಾನು ಅಡಿಗೆಮನೆ ಸೇರಬೇಕು, ಇವರು ಆಕಾಶದಲ್ಲಿ! ಆದರೆ ಒಂದು ದಿನ ಚಾ ಕೊಡಲು ಹೋದವಳು ನಿಂತುಬಿಟ್ಟೆ. ಪರದೆಯ ಮೇಲೆ ದಟ್ಟ ಮಳೆ, ಗಾಳಿಗೆ ವಿಮಾನ ಒಂದು ಮಗ್ಗುಲಿಗೆ ವಾಲುತ್ತಿದೆ, ಕೆಳಗೆಲ್ಲೋ ಎರಡು ಸಾಲು ದೀಪ. ಮಾವನ ಮುಖ ನೋಡಿದೆ. ಮೋಟರಿನ ಮೇಲೆ ಕೈಯಿಟ್ಟಾಗ ಇರುತ್ತದಲ್ಲ, ಅದೇ ಮುಖ. ಚಕ್ರ ನೆಲ ಮುಟ್ಟಿದಾಗ ನನ್ನ ಬಾಯಿಂದ ತಾನಾಗಿ "ಅಬ್ಬಾ!" ಬಂತು, ಮೈಯೆಲ್ಲ ಜುಂ ಎಂದಿತು. "ಹಾರ್ಸೂದು ಯಾರಾದ್ರೂ ಮಾಡ್ತಾರೆ" ಎಂದರು, ತಿರುಗದೆ. "ಇಳ್ಸೂದೇ ಕಷ್ಟ." ಚಾ ಆರಿಹೋಗಿತ್ತು.

ಅಷ್ಟು ನೋಡಿದವಳು ನಾನು. ಆದರೂ —

ನಮ್ಮಲ್ಲಿ ಜೂನ್ ಹಿಡಿದರೆ ಬಟ್ಟೆ ಒಣಗುವುದಿಲ್ಲ. ಮೊದಲು ಒಲೆಯ ಮೇಲೆ ಬಿದಿರ ಗಳ ಕಟ್ಟಿ ಒಣಗಿಸುತ್ತಿದ್ದೆವು, ಹೊಗೆ ವಾಸನೆ ಬಂದರೂ ಒಣಗುತ್ತಿತ್ತು. ಗ್ಯಾಸು ಬಂತು, ಒಲೆ ಹೋಯಿತು, ಮಳೆ ಮಾತ್ರ ಹಾಗೇ ಉಳಿಯಿತು. ಮೂರು ದಿನ ಫ್ಯಾನಿನಡಿ ನೇತುಹಾಕಿದರೂ ಸೀರೆಯಲ್ಲಿ ಮುಗ್ಗಲು ವಾಸನೆ. ಹೀಗಿರುವಾಗ ಕಸ ಗುಡಿಸುತ್ತಾ ಕಂಪ್ಯೂಟರಿನ ಹಿಂದೆ ಬಗ್ಗಿದೆ ನೋಡಿ, ಡಬ್ಬದ ಹಿಂಬದಿಯಿಂದ ಬೆಚ್ಚನೆ ಗಾಳಿ ಮುಖಕ್ಕೆ ಬಡಿಯಿತು! ಮಾವ ಆಡುವಾಗಂತೂ ಇನ್ನೂ ಜೋರು. ಮೇಜಿನ ಹಿಂದೆ ಅಡಿಗೆಮನೆಗೆ ಹೋಗುವ ಇಕ್ಕಟ್ಟಿನ ದಾರಿ. ಎರಡು ಮೊಳೆ ಹೊಡೆದು ಹುರಿ ಕಟ್ಟಿದೆ. ಶಾಲೆಯಿಂದ ಬಂದು ಸೀರೆ ಹಿಂಡಿ, ನಾಲ್ಕು ಮಡಿಕೆ ಮಾಡಿ ಅಲ್ಲಿ ಹಾಕಿದರೆ ಊಟದ ಹೊತ್ತಿಗೆ ಗರಿಗರಿ. ತೆಗೆದು ಇಸ್ತ್ರಿ ಹಾಕಿಬಿಡುತ್ತಿದ್ದೆ. ಒದ್ದೆ ಬಟ್ಟೆ, ಕರೆಂಟು — ಶಾಕ್ ಹೊಡೆಯದೆ ಇದ್ದದ್ದು ಮಂಜಗುಣಿ ವೆಂಕಟರಮಣನ ದಯೆ. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಅಂತಲೂ ಅನ್ನಿಸಲಿಲ್ಲ.

ಕಂಪ್ಯೂಟರು ನಿಲ್ಲಲು ಶುರುವಾದದ್ದು ಆ ವಾರವೇ. ವಿಮಾನ ಮೋಡದ ನಡುವೆ ಹಾಗೇ ನಿಂತುಬಿಡುವುದು, ಸದ್ದು ಮಾತ್ರ ಗರ್‌ರ್‌ರ್ ಅಂತ ಒಂದೇ ಸಮ. ಯಾವ ಗುಂಡಿ ಒತ್ತಿದರೂ ಇಲ್ಲ. "ತಂಗೀ, ಹಿಂದಿನ ಸ್ವಿಚ್ಚು ಒಂದ್ಸಲ ತೆಗ್ದು ಹಾಕು" ಎಂದು ಕೂಗುವರು. ಅವರಿಗೆ ಮಂಡಿನೋವು, ಆ ಇಕ್ಕಟ್ಟಿನಲ್ಲಿ ಸಂಜೆ ಬಗ್ಗಲಾಗುವುದಿಲ್ಲ. ನಾನು ಹೋಗಿ, ಸೀರೆ ಸರಿಸಿ ಸ್ವಿಚ್ಚು ತೆಗೆದು ಹಾಕಿ, ಸೀರೆಯನ್ನು ಮತ್ತೆ ಸರಿಯಾಗಿ ಹರಡಿ ಬರುತ್ತಿದ್ದೆ. ಎಂಥ ಮಂಕು ನೋಡಿ ನನ್ನದು.

ಮಾವ ಹುಡುಕಿದ ರೀತಿಯನ್ನು ಈಗ ನೆನೆದರೂ ಬೆರಗಾಗುತ್ತದೆ. ದಿನಕ್ಕೆ ಒಂದೇ ಬದಲಾವಣೆ. "ಎರಡು ಒಟ್ಟಿಗೆ ಮಾಡಿದ್ರೆ ಯಾವ್ದು ಕಾರಣ ಗೊತ್ತಾಗೂದಿಲ್ಲ." ಒಂದು ದಿನ ಫ್ಯಾನಿನ ಧೂಳನ್ನು ಪೇಂಟಿನ ಬ್ರಶ್ಶಿನಲ್ಲಿ ತೆಗೆದರು. ಒಂದು ದಿನ ಮೆಮೊರಿಯ ಪಟ್ಟಿ ಬಿಚ್ಚಿ ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಕೂರಿಸಿದರು. ಆಟವನ್ನು ತೆಗೆದು ಹೊಸದಾಗಿ ಹಾಕಿದರು, ಚಿತ್ರದ ಗುಣಮಟ್ಟ ಇಳಿಸಿದರು, ವಯರು ಬದಲಿಸಿದರು. ಪುಸ್ತಕದಲ್ಲಿ ಸಾಲು ಸಾಲಾಗಿ: ಎಷ್ಟು ಗಂಟೆ, ಎಷ್ಟು ವೋಲ್ಟೇಜು, ಎಷ್ಟು ನಿಮಿಷಕ್ಕೆ ನಿಂತಿತು. ಬೆಳಿಗ್ಗೆ ಆಡಿ ನೋಡಿದರು, ಎರಡು ಗಂಟೆ ಆಡಿದರೂ ನಿಲ್ಲಲಿಲ್ಲ. ಬೆಳಿಗ್ಗೆ ನಿಧಾನಕ್ಕೆ ಬಗ್ಗಿ ಟಾರ್ಚು ಬಿಟ್ಟು ಹಿಂದೆ ನೋಡಿದರು, ಹುರಿಯೊಂದು ಬಿಟ್ಟರೆ ಏನಿದೆ ಅಲ್ಲಿ? ಮಧ್ಯಾಹ್ನ ಬಂದ ರಿಪೇರಿಯವರು "ಮಶೀನು ಸರಿ ಇದೆ" ಎಂದು ಹೋದರು. ಸಂಜೆ ವೋಲ್ಟೇಜು ಇಳಿಯುತ್ತದೋ ಅಂತ ಮೀಟರು ಹಿಡಿದು ಕೂತರು. ಇಳಿಯಲಿಲ್ಲ.

ಆ ಹೊತ್ತಿಗೆ ಪಕ್ಕದ ಮನೆಯ ಸುಶೀಲಕ್ಕ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದಿದ್ದಳು. ಅವಳೆದುರು, ಗಂಡನೆದುರು, ನನ್ನ ನಾಲಿಗೆ ಜಾರಿತು. "ಕುಣಿಲಿಕ್ಕೆ ಬರ್ದವ್ರು ನೆಲ ಡೊಂಕು ಅಂದ ಹಾಗಾಯ್ತು ಮಾವ. ವಯಸ್ಸಾಯ್ತು, ಬೆರಳು ಎಲ್ಲೆಲ್ಲೋ ಒತ್ತತದೆ, ಮಶೀನು ಎಂತಾ ಮಾಡ್ತದೆ ಪಾಪ!" ಸುಶೀಲಕ್ಕ ನಕ್ಕಳು. ಮಾವನೂ ನಕ್ಕರು, ಆದರೆ ಪುಸ್ತಕದ ಮೇಲಿಟ್ಟ ಪೆನ್ನು ಸುಮಾರು ಹೊತ್ತು ಏನೂ ಬರೆಯಲಿಲ್ಲ.

ಮರುದಿನ ಸಂಜೆ ಅದು ಮತ್ತೆ ನಿಂತಿತು. ನಾನು ಹಿಂದೆ ಬಗ್ಗಿದ್ದೆ, ಕೈಯಲ್ಲಿ ಸೀರೆಯ ಅಂಚು. ಮಾವ ಮುಂದಿನಿಂದ ಡಬ್ಬದ ಮೇಲೆ ಅಂಗೈ ಇಟ್ಟರು. ಕಣ್ಣು ಮುಚ್ಚಿದರು.

"ತಂಗೀ, ನನ್ನ ಕೈಗೆ ಬಿಸಿ ಹತ್ತತದೆ. ನೀ ಮುಟ್ಟಿ ನೋಡು. ಹಿಂದೆ ಎಂತಾದ್ರೂ ಅಡ್ಡ ಇದ್ಯಾ?"

ಮುಟ್ಟಿದೆ. ಸುಡುತ್ತಿತ್ತು. ಅದೇ ಕ್ಷಣ ಎಲ್ಲ ತಿಳಿಯಿತು. ಸೀರೆ, ಗಾಳಿ, ಬೆಳಿಗ್ಗೆ ನಿಲ್ಲದೆ ಸಂಜೆ ನಿಲ್ಲುವುದು, ಎಲ್ಲ. ಹೇಳಬಹುದಿತ್ತು. "ಅಯ್ಯೋ ಮಾವ, ನನ್ನ ಸೀರೆ" ಅಂದಿದ್ದರೆ ಮನೆಯೆಲ್ಲ ನಗುತ್ತಿತ್ತು. ಆದರೆ ಹಿಂದಿನ ದಿನ ನಾನು ಆಡಿದ ಮಾತು — ಅದು ತಿರುಗಿ ನನ್ನ ಮೇಲೇ ಬೀಳುತ್ತಿತ್ತು. ನೆಲ ಡೊಂಕು ಮಾಡಿದವಳು ನಾನೇ ಅಂತ ಸುಶೀಲಕ್ಕನ ಬಾಯಿಂದ ಕೇರಿಯೆಲ್ಲ —

"ಇಲ್ಲ ಮಾವ. ಎಂತದೂ ಇಲ್ಲ. ಬಿಸಿನೂ ಇಲ್ಲ, ಯಾವಾಗಿನ ಹಾಗೇ ಇದೆ."

ಅವರು ಕಣ್ಣು ತೆರೆದು ತಮ್ಮ ಅಂಗೈಯನ್ನು ನೋಡಿಕೊಂಡರು. ಒಂದೇ ಮೀಟರನ್ನು ಮೂರು ಸಲ ತಟ್ಟಿ ನೋಡುವ ಮನುಷ್ಯ, ನನ್ನ ಮಾತನ್ನು ಒಂದೇ ಸಲಕ್ಕೆ ನಂಬಿದರು. "ಹಾಗಾದ್ರೆ ಕರೆಂಟು ಸರಿ, ಮಶೀನು ಸರಿ. ಉಳಿದದ್ದು ನಾನು" ಎಂದು ಪುಸ್ತಕ ಮುಚ್ಚಿದರು. ಮತ್ತೆ ಆಟಕ್ಕೆ ಕೂರಲಿಲ್ಲ. ನಾನು ಹುರಿ ಬಿಚ್ಚಿದೆ, ಮೊಳೆ ಕಿತ್ತೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ಮೊಳೆಯ ತೂತಿಗೆ ಸುಣ್ಣ ಕೂಡ ಮೆತ್ತಿದೆ. "ಒಂದ್ಸಲ ಆಡಿ ನೋಡಿ ಮಾವ" ಅನ್ನುವ ಒಂದು ಮಾತು ಮಾತ್ರ ಬಾಯಿಗೆ ಬರಲಿಲ್ಲ.

ಆಮೇಲೆ ಒಂದೊಂದಾಗಿ ಹೋಯಿತು. ಮಿಕ್ಸರು ತಂದವರಿಗೆ "ಅಂಕೋಲೆಲಿ ರಿಪೇರಿಗೆ ಕೊಡಿ" ಅನ್ನತೊಡಗಿದರು. ಸ್ಕೂಟರಿನ ಕೀಲಿ ಗೂಟಕ್ಕೆ ಬಿತ್ತು. ಗ್ಯಾಸು ಆರಿಸಿ, "ಆರಿದ್ಯಾ ನೋಡು ತಂಗೀ" ಎಂದು ನನ್ನನ್ನು ಕರೆಯುವರು. ಮಾಮೂಲು, ವಯಸ್ಸು ಎಂದರು ಎಲ್ಲರೂ. ನಾನೂ ಎಂದೆ. ಮೊನ್ನೆ ಸುಶೀಲಕ್ಕನ ಪಂಪು ನಿಂತಿತು. ಅವಳೇ ಬಂದು ಕರೆದರೆ ಮಾವ ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದರು: "ನನ್ನ ಕೈ ನಂಬೂ ಹಾಗಿಲ್ಲ ಸುಶೀಲಾ. ನಮ್ಮ ತಂಗಿಗೆ ಗೊತ್ತು, ಕೇಳು."

ನಾನು ಬಾಗಿಲಲ್ಲಿ ನಿಂತಿದ್ದೆ. ನಾಚಿಕೆಯಿಂದ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ನಿನ್ನೆ, ಭಾನುವಾರ ಸಂಜೆ ಐದೂವರೆಗೆ, ಹೊರಗೆ ಮಳೆ. ಕಂಪ್ಯೂಟರನ್ನು ಹಚ್ಚಿ ಆಟ ತೆರೆದು ಮಾವನನ್ನು ಒತ್ತಾಯದಿಂದ ಕೂರಿಸಿದೆ. ಅವರ ಕಣ್ಣೆದುರೇ ಒದ್ದೆ ಸೀರೆ ಹಿಂಡಿ, ಮಡಚಿ, ಹಿಂದೆ ಕುರ್ಚಿಯ ಮೇಲೆ ಹರಡಿ, ಡಬ್ಬಕ್ಕೆ ಒತ್ತಿ ನಿಲ್ಲಿಸಿದೆ. ಅವರು ನೋಡಿದರು, ಅಭ್ಯಾಸದಂತೆ ಗಡಿಯಾರವನ್ನೂ ನೋಡಿಕೊಂಡರು. ಬೆರಳು ಮೊದಲು ತಡವರಿಸಿದವು, ಆಮೇಲೆ ವಿಮಾನ ಎದ್ದಿತು. ಸ್ವಲ್ಪ ಹೊತ್ತಿಗೆ ಮೋಡದ ನಡುವೆ ನಿಂತಿತು. ಗರ್‌ರ್‌ರ್.

ಅವರ ಕೈ ಹಿಡಿದು ಡಬ್ಬದ ಮೇಲಿಟ್ಟೆ. ಕಣ್ಣು ಮುಚ್ಚಿದರು. ಮೆಲ್ಲಗೆ ಕೇಳಿದರು, ಅಯ್ಯೋ, ಈಗಲೂ ನನ್ನನ್ನೇ ಕೇಳಿದರು: "ಬಿಸಿ ಅನ್ನಿಸ್ತದೆ. ನಿಂಗೂ ಅನ್ನಿಸ್ತದಾ?"

"ಸುಡ್ತಾ ಇದೆ ಮಾವ. ಅವತ್ತೂ ಸುಡ್ತಿತ್ತು. ಅವತ್ತೂ ಸೀರೆ ಇತ್ತು. ನಾ ಸುಳ್ಳು ಹೇಳ್ದೆ."

ಅವರು ಬೈಯಲಿಲ್ಲ. ಕೈ ತೆಗೆಯಲೂ ಇಲ್ಲ. ಗಡಿಯಾರ ನೋಡಿ "ಹದಿನೆಂಟು ನಿಮಿಷ" ಎಂದರು, ಪುಸ್ತಕ ತರಲು ಹೇಳಿದರು. ಐದು ವರ್ಷದ ಹಿಂದಿನ ಕೊನೆಯ ಸಾಲಿನಲ್ಲಿ, ಕಾರಣ ಎಂಬಲ್ಲಿ, ಅವರ ಕೈಯಲ್ಲೇ 'ಆಡುವವ' ಎಂದಿತ್ತು. ಅದನ್ನು ಹೊಡೆದುಹಾಕಿ ಬರೆದರು: 'ಹಿಂದೆ ಒದ್ದೆ ಬಟ್ಟೆ. ಗಾಳಿ ಹೊರಗೆ ಹೋಗಲು ಜಾಗವಿಲ್ಲ.' ಅಷ್ಟೇ. ಪೆನ್ನಿನ ಮುಚ್ಚಳ ಹಾಕಿದರು. ಇವತ್ತು ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ ಅವರು ಸುಶೀಲಕ್ಕನ ಬಾವಿಕಟ್ಟೆಯ ಹತ್ತಿರ ಕೂತಿದ್ದರು, ಅಂಗೈ ಪಂಪಿನ ಮೇಲಿತ್ತು.

ಅವರು ಹೆಸರು ಬರೆಯಲಿಲ್ಲ. ನಾನು ನಾಲ್ಕು ಜನರೆದುರು ಅವರ ಕೈಯನ್ನು ಹಳಿದವಳು. ಆದ್ದರಿಂದ ನಾಲ್ಕು ಜನ ಓದುವಲ್ಲಿ ನಾನೇ ಬರೆಯುತ್ತಿದ್ದೇನೆ: ಬಟ್ಟೆ ಹಾಕಿದವಳು, ಸುಡುವುದನ್ನು ಮುಟ್ಟಿಯೂ ಇಲ್ಲವೆಂದವಳು, ಹಟ್ಟಿಕೇರಿಯ ಶೈಲಾ.