ಹುಳದ ಮನೆ ಅಂಗಳದ ಮೆದೆ

"ಒಟ್ಟಿದ ದಿನ ಎಲ್ಲಾ ಮೆದೇನೂ ಚೆಂದಾನೇ ಕಣಮ್ಮ. ಮದುವಣಗಿತ್ತಿ ಥರ ನಿಂತಿರ್ತೈತೆ. ಅದರ ಹಣೇಬರ ಗೊತ್ತಾಗೋದು ಮಳೆಗಾಲ ಕಳೆದು ಹುಲ್ಲು ಹಿರಿಯೋವಾಗ. ಕೈ ಒಳಕ್ಕೆ ಹಾಕಿದ್ರೆ ಬೆಚ್ಚಗಿರ್ಬೇಕು. ಮುಗ್ಗಲು ವಾಸನೆ ಬಂತೋ, ಹಸು ಮೂಸಿ ನೋಡಿ ಮುಖ ತಿರುಗಿಸ್ತೈತೆ. ಆಮೇಲೆ ಒಟ್ಟಿದೋನು ಎಷ್ಟು ಮಾತಾಡಿದ್ರೂ ಅಷ್ಟೇ. ನಲವತ್ತೊಂದು ವರ್ಷ ನಾನು ಕೆಳಗೆ ನಿಂತ್ಕೊಂಡು ನಮ್ಮ ಯಜಮಾನನಿಗೆ ಹುಲ್ಲಿನ ಸಿವುಡು ಎತ್ತಿ ಕೊಟ್ಟಿದೀನಿ. ಒಂದು ದಿನ ಮೇಲಕ್ಕೆ ಹತ್ತಿದೋಳಲ್ಲ. ಹತ್ತಬೇಡ ಅಂತ ಯಾರೂ ಹೇಳ್ಲಿಲ್ಲ, ಹತ್ತು ಅಂತಾನೂ ಯಾರೂ ಹೇಳ್ಲಿಲ್ಲ. ಗಂಡಸರು ಮೇಲೆ, ಹೆಂಗಸರು ಕೆಳಗೆ, ಹಂಗೇ ನಡ್ಕೊಂಡು ಬಂತು. ಆದ್ರೆ ಒಂದು ಮಾತು ಹೇಳ್ತೀನಿ, ಬರ್ಕೋ. ಮೆದೆ ಯಾವ ಕಡೆ ವಾಲ್ತಾ ಐತೆ ಅಂತ ಮೇಲಿರೋನಿಗೆ ಕಾಣಲ್ಲ. ಅವನ ಕಾಲ ಕೆಳಗಿರೋದು ಅವನಿಗೆ ಹೆಂಗೆ ಕಾಣ್ತೈತೆ? ಕೆಳಗೆ ನಿಂತೋಳಿಗೆ ಕಾಣ್ತೈತೆ. 'ತೆಂಕಲು ಇಳೀತಾ ಐತೆ, ಅಲ್ಲಿಗೆ ಎರಡು ಸಿವುಡು ಹಾಕು' ಅಂತ ನಾನು ಕೂಗ್ತಿದ್ದೆ, ಇವನು ಹಾಕ್ತಿದ್ದ. ಊರೋರು ಇವನನ್ನ ಮೆದೆ ಮುನಿಶಾಮಿ ಅಂದ್ರು. ನಂಗೇನು ಬೇಜಾರಿಲ್ಲ. ನೀನು ಕೇಳಿದೆ, ನಾನು ಹೇಳ್ದೆ."

ಇಷ್ಟೂ ಮಾತನ್ನು ದೊಡ್ಡಮುನಿಯಮ್ಮ ಮೊರದಲ್ಲಿ ರಾಗಿ ಕೇರುತ್ತಾ, ತಲೆ ಎತ್ತದೆ ಆಡಿದಳು. ಕೇಳಿಸಿಕೊಂಡವಳು ಮೃದುಲಾ, ಮಾಲೂರಿನ ಹುಡುಗಿ, ಚಿತ್ರ ಬರೆಯುವವಳು. ಅವಳು ಬಂದಿದ್ದು ಮುನಿಶಾಮಿಯನ್ನು ಹುಡುಕಿಕೊಂಡು. ಜಗಲಿಯ ಮೇಲೆ ಮುನಿಶಾಮಿ ಗೋಡೆಗೆ ಒರಗಿ ಕೂತು ಮೆದೆಯ ಕತೆ ಹೇಳುತ್ತಿದ್ದ. ಹೇಳಿದ್ದರಲ್ಲಿ ಎರಡು ಸಲ ತಪ್ಪು ಬಂದಾಗ ಸುಮ್ಮನಿದ್ದ ಹೆಂಡತಿ, ಮೂರನೇ ಸಲಕ್ಕೆ ಬಾಯಿ ಬಿಟ್ಟಿದ್ದಳು.

ಆವನಿ ಊರಿಗೂ ಮುಳಬಾಗಿಲಿಗೂ ನಡುವೆ ರಸ್ತೆ ಪಕ್ಕದಲ್ಲಿ ಒಂದು ಉದ್ದನೆಯ ಶೆಡ್ಡು ಇದೆ. ಮೊದಲು ಅಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಆ ಶೆಡ್ಡಿನ ಯಜಮಾನರು ಸುಬ್ರಹ್ಮಣ್ಯ, ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತರಾದವರು. ಹುಳ ಸಾಕುವುದು ನಿಂತ ಮೇಲೆ ಗೋಡೆಗೆ ಸುಣ್ಣ ಹೊಡೆಸಿ ಅದನ್ನು ಕಲಾ ಕೇಂದ್ರ ಮಾಡಿದರು. ಮಕ್ಕಳಿಗೆ ಮಣ್ಣಿನ ಕೆಲಸ, ದೊಡ್ಡವರಿಗೆ ಬಣ್ಣದ ಕೆಲಸ ಕಲಿಸುತ್ತಾರೆ, ವರ್ಷಕ್ಕೆರಡು ಪ್ರದರ್ಶನ ಇಡುತ್ತಾರೆ. ದೂರದ ಊರಿನ ಕಲಾವಿದರು ಮೂರು ತಿಂಗಳು ಅಲ್ಲೇ ಉಳಿದು ಕೆಲಸ ಮಾಡುವುದೂ ಉಂಟು. ಸುತ್ತಲಿನ ಹಳ್ಳಿಯವರಿಗೆ ಮಾತ್ರ ಅದು ಇವತ್ತಿಗೂ ಹುಳದ ಮನೆಯೇ.

ಮೃದುಲಾ ಹಾಗೆ ಉಳಿಯಲು ಬಂದವಳು. ಬಂದವಳೇ ಯಲ್ದೂರಿನವರೆಗೂ ಸ್ಕೂಟರಿನಲ್ಲಿ ಸುತ್ತಿ ಕಂಡಕಂಡ ಮೆದೆಗಳ ಚಿತ್ರ ಬರೆದಳು. ಈಗ ಹೊಲದಲ್ಲೇ ಹುಲ್ಲನ್ನು ಸುತ್ತಿ ಉಂಡೆ ಕಟ್ಟುವ ಮೆಷಿನ್ನು ಬಂದು ಮೆದೆಗಳೇ ಕಮ್ಮಿಯಾಗಿವೆ. ಇದ್ದವನ್ನೂ ಜನ ನೀಲಿ ಟಾರ್ಪಾಲು ಹೊದಿಸಿ ಕಲ್ಲು ಕಟ್ಟಿ ಬಿಟ್ಟಿರುತ್ತಾರೆ. ಟಾರ್ಪಾಲಿಲ್ಲದೆ ಮಳೆ ತಡೆಯುವ ಮೆದೆ ಯಾರದು ಅಂತ ಕೇಳಿದಲ್ಲೆಲ್ಲ ಮುನಿಶಾಮಿ ಹೆಸರು ಹೇಳಿದರು. ಹುಳದ ಮನೆಯ ಅಂಗಳದಲ್ಲಿ ಅಂಥದ್ದೊಂದನ್ನು ಎಲ್ಲರ ಕಣ್ಣೆದುರು ಒಟ್ಟಿಸಬೇಕು, ಅದನ್ನೇ ಪ್ರದರ್ಶನಕ್ಕೆ ಇಡಬೇಕು ಅಂತ ಅವಳ ಆಸೆ.

ಮುನಿಶಾಮಿಗೆ ಆಸೆಯಿತ್ತು, ಸೊಂಟ ಇರಲಿಲ್ಲ. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ಕೋಲು ಹಿಡಿದು ನಡೆಯುವುದೇ ಕಷ್ಟ. ಯಾರನ್ನು ಹತ್ತಿಸೋದು ಅಂತ ಮಾತು ಬಂತು. ಆಟೋ ಓಡಿಸುವ ಅಣ್ಣನ ಮಗ ಕದಿರೇಶನಿಗೆ ಹೇಳಿ ನೋಡೋಣ ಅಂದ ಮುನಿಶಾಮಿ. ಅವನಿಗೆ ಸಿವುಡು ಯಾವುದು ಸೊಪ್ಪು ಯಾವುದು ಗೊತ್ತಿಲ್ಲ ಅಂದಳು ಹೆಂಡತಿ. ಮೊರ ಕೆಳಗಿಟ್ಟು, ಕೈ ಒರೆಸಿಕೊಂಡು, ತಾನೇ ಹತ್ತುತ್ತೇನೆ ಅಂದಳು.

ಮುನಿಶಾಮಿ ನಕ್ಕ. "ನೀನು ಒಟ್ಟಿದ್ರೆ ಅದು ಮೆದೆ ಆಗಲ್ಲ ಕಣೇ, ಹಂದಿ ಗೂಡಾಗ್ತೈತೆ. ಕೊಳೆತು ನಾರಿದ ದಿನ ಜನ ಬೈಯೋದು ನನ್ನ."

"ಮೆದೆಗೆ ನಿನ್ನ ಹೆಸರು ಹಾಕೋದು ಬೇಡ. ನನ್ನದೂ ಬೇಡ. ಮಳೆಗಾಲ ಕಳೀಲಿ, ಹಿರಿದು ನೋಡಿ ಆಮೇಲೆ ಹಾಕ್ಲಿ."

ಹಾಗಂದಳೇ ಹೊರತು ಎದೆಯಲ್ಲಿ ಬೇರೆ ಇತ್ತು. ಕೆಳಗೆ ನಿಂತು ಕೂಗಿದ್ದು ಬರೀ ಕೂಗೋ, ಇಲ್ಲ ಅದರಲ್ಲಿ ಕೆಲಸವೂ ಇತ್ತೋ ಅನ್ನುವುದು ಇಷ್ಟು ವರ್ಷದಲ್ಲಿ ಅವಳಿಗೇ ಗೊತ್ತಿರಲಿಲ್ಲ. ಅರವತ್ತು ದಾಟಿದ ಮೇಲಾದರೂ ಒಂದು ಸಲ ಗೊತ್ತಾಗಲಿ ಅನ್ನಿಸಿತ್ತು.

ಸಂಕ್ರಾಂತಿ ಆದ ಮೇಲಿನ ಭಾನುವಾರ ಒಟ್ಟುವುದಾಯಿತು. ಅವರದ್ದೇ ಹೊಲದ ಹುಲ್ಲು ಟ್ರ್ಯಾಕ್ಟರಿನಲ್ಲಿ ಬಂತು. ಗೆದ್ದಲು ಹತ್ತದ ಹಾಗೆ ಅಡಿಗೆ ಚಪ್ಪಡಿ ಕಲ್ಲು, ಅದರ ಮೇಲೆ ಹುಣಿಸೆ ಕೊಂಬೆ ಹಾಸಿದರು. ಕಲಿಯಲು ಬಂದಿದ್ದ ನಲವತ್ತು ಜನ ಸಾಲು ನಿಂತು ಸಿವುಡು ಎತ್ತಿ ಕೊಟ್ಟರು. ದೊಡ್ಡಮುನಿಯಮ್ಮ ಸೆರಗು ಸಿಕ್ಕಿಸಿ, ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಮಧ್ಯದಲ್ಲಿ ನಿಂತು ಸುತ್ತಲೂ ಸಿವುಡು ಜೋಡಿಸುತ್ತಾ ಹೋದಳು. ಕುರ್ಚಿ ಮೇಲೆ ಕೂತ ಮುನಿಶಾಮಿ ಒಂದೊಂದು ಸುತ್ತು ಮುಗಿದಾಗಲೂ ತೆಲುಗಿನಲ್ಲಿ ಎಣಿಸುತ್ತಿದ್ದ. ಆ ಕಡೆ ಕೆಲಸದ ಲೆಕ್ಕ ಯಾವಾಗಲೂ ತೆಲುಗಿನಲ್ಲೇ.

ಒಕಟಿ, ರೆಂಡು, ಮೂಡು. ನಾಲ್ಕನೇ ಸುತ್ತಿಗೆ ಬರುವಷ್ಟರಲ್ಲಿ ದೊಡ್ಡಮುನಿಯಮ್ಮನಿಗೆ ಭಯ ಹತ್ತಿತು. ಮೇಲಿಂದ ಏನೂ ಕಾಣುತ್ತಿರಲಿಲ್ಲ. ಕಾಲ ಕೆಳಗೆ ಹುಲ್ಲು, ಮುಂದೆ ಜನರ ತಲೆ, ಆಮೇಲೆ ಆಕಾಶ. ತಾನೇ ಆಡಿದ ಮಾತು ತನ್ನ ಕಾಲಿಗೇ ಬಂದು ನಿಂತಿತ್ತು. ಯಾವ ಕಡೆ ವಾಲಿದೆ ಹೇಳಯ್ಯ ಅಂತ ಗಂಡನನ್ನು ಕೇಳಿದಳು. ಇನ್ನೊಂದು ಸಲ ಕೇಳಿದಳು. ಮುನಿಸಿಕೊಂಡು ಕೂತಿದ್ದಾನೆ ಅಂತ ಜನ ಅಂದುಕೊಂಡರು. ಮೂರನೇ ಸಲ ಕೇಳಿದಾಗ ಅವನು ಕೋಲಿನಿಂದ ನೆಲ ಕುಟ್ಟಿದ.

"ನಂಗೇನೇ ಗೊತ್ತಾಗ್ತೈತೆ? ನಾನು ಯಾವತ್ತು ಕೆಳಗೆ ನಿಂತಿದ್ದೆ?"

ನಲವತ್ತು ಜನರ ಮುಂದೆ ಅಂದುಬಿಟ್ಟಿದ್ದ. ದೊಡ್ಡಮುನಿಯಮ್ಮ ಮೇಲಿಂದಲೇ ನಿಧಾನವಾಗಿ ಹೇಳಿಕೊಟ್ಟಳು. ಕುರ್ಚಿ ಬಿಟ್ಟು ಏಳು, ಆ ಬೇವಿನ ಮರದ ಹತ್ತಿರಕ್ಕೆ ಹೋಗು, ಒಂದು ಕಣ್ಣು ಮುಚ್ಚು, ಶೆಡ್ಡಿನ ಗೋಡೆ ಮೂಲೆ ಐತಲ್ಲ, ಅದರ ನೇರಕ್ಕೆ ಮೆದೆ ಅಂಚನ್ನ ಹಿಡಿದು ನೋಡು. ಹೊಲದಲ್ಲಿ ಅವಳು ಲೈಟು ಕಂಬದ ನೇರಕ್ಕೆ ಹಿಡಿದು ನೋಡುತ್ತಿದ್ದಳಂತೆ. ಇಷ್ಟು ವರ್ಷ ಹೆಂಡತಿ ದೂರ ಹೋಗಿ ನಿಲ್ಲುತ್ತಿದ್ದದ್ದು ಸುಧಾರಿಸಿಕೊಳ್ಳೋದಕ್ಕೆ ಅಂತ ಮುನಿಶಾಮಿ ತಿಳಿದಿದ್ದ. ಕುಂಟುತ್ತಾ ಮರದ ಹತ್ತಿರ ಹೋಗಿ, ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದ.

"ತೆಂಕಲು ಇಳಿದೈತೆ. ಒಂದು ಗೇಣು. ಜಾಸ್ತೀನೇ ಇರ್ಬೋದು."

ಆಮೇಲೆ ಅವನು ಕೂಗಿದ, ಅವಳು ಹಾಕಿದಳು. ಮೊದಲಿನ ಸುತ್ತುಗಳಲ್ಲಿ ಇಳಿದದ್ದನ್ನು ಪೂರ್ತಿ ಎತ್ತಲು ಆಗಲಿಲ್ಲ. ಸಂಜೆಗೆ ನೆತ್ತಿ ಕಟ್ಟಿ, ಮೇಲಿನ ಹುಲ್ಲನ್ನು ತಲೆ ಬಾಚಿದ ಹಾಗೆ ಕೆಳಮುಖವಾಗಿ ಬಾಚಿ, ಏಣಿ ಹಿಡಿದು ಇಳಿದಳು. ಮರದ ಹತ್ತಿರ ಹೋಗಿ ತಾನೂ ಒಂದು ಕಣ್ಣು ಮುಚ್ಚಿ ನೋಡಿದಳು. ತೆಂಕಲು ಅವಳಿಗೆ ಸಮಾಧಾನವಾಗಲಿಲ್ಲ.

ಪ್ರದರ್ಶನದಲ್ಲಿ ಪ್ರತಿಯೊಂದರ ಪಕ್ಕದಲ್ಲೂ ಮಾಡಿದವರ ಹೆಸರಿನ ಬೋರ್ಡು ಇತ್ತು. ಮೆದೆಯ ಬೋರ್ಡಿನಲ್ಲಿ ಮಾತ್ರ 'ರಾಗಿ ಹುಲ್ಲಿನ ಮೆದೆ, ಕಲಾವಿದರು' ಅಂತ ಬರೆದು ಮುಂದಕ್ಕೆ ಖಾಲಿ. ಸುಬ್ರಹ್ಮಣ್ಯ ಮೇಷ್ಟ್ರಿಗೆ ಖಾಲಿ ಜಾಗ ಕಂಡರೆ ಆಗದು. ಬರೆದುಬಿಡೋಣ ಕಣಮ್ಮ ಅಂತ ಎರಡು ಮೂರು ಸಲ ಹೇಳಿ ಕಳಿಸಿದರು. ಈಗ ಬೇಡ ಸ್ವಾಮಿ ಅಂತಲೇ ಅವಳು ಹೇಳಿ ಕಳಿಸಿದಳು. ಬಂದವರು ಮೆದೆ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋದರು. ಮಾರ್ಚಿನಲ್ಲಿ ಮೃದುಲಾಳ ಮೂರು ತಿಂಗಳು ಮುಗಿಯಿತು. ಹಿರಿಯುವ ದಿನ ಬಂದೇ ಬರುತ್ತೇನೆ ಅಂತ ಹೇಳಿ ಮಾಲೂರಿಗೆ ಹೋದಳು.

ಮುಂಗಾರು ಹೆಸರಿಗೆ ಬಂತು. ಆ ಮಳೆಗೆ ಎಂಥ ಮೆದೆಯೂ ನಿಲ್ಲುತ್ತದೆ. ದೀಪಾವಳಿ ಕಳೆದ ಮೇಲೆ ಸೈಕ್ಲೋನು ಹಿಡಿದುಕೊಂಡಿತು. ಬಿರುಸಿಲ್ಲ, ಬಿಡುವೂ ಇಲ್ಲ, ಮೂರು ದಿನ ಒಂದೇ ಸಮ ಜಿನುಗಿತು. ಹುಲ್ಲನ್ನು ಕೆಡಿಸುವುದು ಅಂಥ ಮಳೆಯೇ. ಮೂರನೇ ದಿನ ಬೆಳಿಗ್ಗೆ ದೊಡ್ಡಮುನಿಯಮ್ಮ ಡೈರಿಗೆ ಹಾಲು ಹಾಕಿ ಬಂದು ನೋಡುತ್ತಾಳೆ, ಜಗಲಿಯ ಮೇಲೆ ಗಂಡ ಇಲ್ಲ. ಕೊಟ್ಟಿಗೆಯ ಅಟ್ಟದಲ್ಲಿದ್ದ ಟಾರ್ಪಾಲೂ ಇಲ್ಲ. ಕದಿರೇಶನ ಆಟೋದಲ್ಲಿ ಹುಳದ ಮನೆ ಕಡೆ ಹೋದ ಅಂತ ಎದುರುಮನೆ ಶಾಮಲಮ್ಮ ಹೇಳಿದಳು.

ಅವಳಿಗೆ ಕೋಪ ಬಂದಿದ್ದು ಅಷ್ಟಿಷ್ಟಲ್ಲ. ಟಾರ್ಪಾಲು ಹೊದಿಸಿಬಿಟ್ಟರೆ ಒಳಗೆ ಒಣಗಿದ್ದರೂ ಅದು ಟಾರ್ಪಾಲಿನ ಕೆಲಸ. ಹತ್ತು ತಿಂಗಳು ಕಾದದ್ದು ನೀರುಪಾಲು. ಗೋಣಿಚೀಲದ ಕೊಪ್ಪೆ ಹಾಕಿಕೊಂಡು, ಬಸ್ಸಿಗೂ ಕಾಯದೆ, ಎರಡು ಮೈಲಿ ಕೆಸರು ತುಳಿದು ಹೋದಳು. ದಾರಿಯುದ್ದಕ್ಕೂ ಏನೇನು ಅನ್ನಬೇಕು ಅಂತ ಜೋಡಿಸಿಕೊಂಡಿದ್ದಳು.

ಮೆದೆಯ ಮೇಲೆ ಟಾರ್ಪಾಲು ಇರಲಿಲ್ಲ. ಮುನಿಶಾಮಿ ಹುಳದ ಮನೆಯ ವರಾಂಡದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಮಡಿಸಿದ ಟಾರ್ಪಾಲು ತೊಡೆಯ ಮೇಲಿತ್ತು, ಕಟ್ಟಿದ ಹಗ್ಗವನ್ನೂ ಬಿಚ್ಚಿರಲಿಲ್ಲ. ಎಂಟು ಗಂಟೆಯಿಂದ ಹೀಗೇ ಕೂತಿದ್ದಾನೆ, ಏಣಿ ಕೊಟ್ಟರೂ ಬೇಡ ಅಂದ, ಕಾಫಿ ಕೊಟ್ಟರೂ ಮುಟ್ಟಲಿಲ್ಲ ಅಂತ ಸುಬ್ರಹ್ಮಣ್ಯ ಮೇಷ್ಟ್ರು ಅವಳ ಹತ್ತಿರ ಮೆಲ್ಲಗೆ ಹೇಳಿದರು.

ಕೊಪ್ಪೆ ತೆಗೆದು ಪಕ್ಕದಲ್ಲಿ ಕೂತಳು.

"ನೀರು ಎಲ್ಲೂ ನಿಲ್ತಾ ಇಲ್ಲ," ಅಂದ ಮುನಿಶಾಮಿ. "ಬಾಚಿದ ತಲೆ ಮೇಲೆ ಎಣ್ಣೆ ಇಳಿದಂಗೆ ಇಳೀತಾ ಐತೆ. ನೋಡು."

"ಮತ್ತೆ ಟಾರ್ಪಾಲು ಯಾಕೆ ತಂದೆ?"

"ಹೊದಿಸೋಕೇ ತಂದೆ. ನೋಡಿದ ಮೇಲೆ ಬೇಡ ಅನ್ನಿಸ್ತು."

ತೆಂಕಲು ಹೆಂಗೈತೆ ಅಂತ ಅವಳು ಕೇಳಿದಳು. ತೆಂಕಲು ಹೇಳೋಕಾಗಲ್ಲ ಅಂದ. ಮಧ್ಯಾಹ್ನ ಮಳೆ ತೆಳುವಾಗುವ ತನಕ ಇಬ್ಬರೂ ಅಲ್ಲೇ ಕೂತಿದ್ದು, ಆರಿದ ಕಾಫಿಯನ್ನು ಬಿಸಿ ಮಾಡಿಸಿಕೊಂಡು ಕುಡಿದು ಬಂದರು.

ಹದಿನೈದು ದಿನ ಬಿಸಿಲು ಕಾದ ಮೇಲೆ ಮೆದೆ ಹಿರಿಯುವ ದಿನ ಗೊತ್ತಾಯಿತು. ಮೃದುಲಾ ಮಾಲೂರಿನಿಂದ ಬಂದಳು. ಸಿವುಡು ಎತ್ತಿ ಕೊಟ್ಟವರಲ್ಲಿ ಮುಕ್ಕಾಲು ಪಾಲು ಜನ ಬಂದರು. ದೊಡ್ಡಮುನಿಯಮ್ಮ ಮೂಡಲ ಕಡೆಗೆ ಹೋಗಿ, ಹೊರಗಿನ ಕಂದು ಹುಲ್ಲನ್ನು ಎಳೆದು ಹಾಕಿ, ಕೈಯನ್ನು ಭುಜದ ತನಕ ಒಳಕ್ಕೆ ತೂರಿಸಿದಳು. ಒಳಗೆ ಬೆಚ್ಚಗಿತ್ತು. ಹಿರಿದು ತಂದ ಹುಲ್ಲು ಹೊಂಬಣ್ಣಕ್ಕಿತ್ತು, ಕಣದಲ್ಲಿ ಬಡಿದ ದಿನದ ವಾಸನೆ ಇನ್ನೂ ಇತ್ತು. ಮೃದುಲಾ ಅದನ್ನು ಮೂಗಿಗೆ ಹಿಡಿದಳು, ಆಮೇಲೆ ಎಲ್ಲರೂ ಒಬ್ಬರಿಂದೊಬ್ಬರು ಇಸಿದುಕೊಂಡು ಮೂಸಿದರು.

ಅಷ್ಟಕ್ಕೇ ನಿಲ್ಲಿಸಬಹುದಾಗಿತ್ತು. ಅವಳು ನಿಲ್ಲಿಸಲಿಲ್ಲ. ಯಾರೂ ಹೇಳದಿದ್ದರೂ ತೆಂಕಲ ಕಡೆಗೆ ಹೋಗಿ ಅಲ್ಲೂ ಹಿರಿದಳು. ಮೊಣಕೈ ಆಳದಲ್ಲಿ ಹುಲ್ಲು ಕಪ್ಪಗಾಗಿ ಅಂಟಿಕೊಂಡಿತ್ತು. ಎರಡು ತೆಕ್ಕೆ ಕಿತ್ತು ಎಲ್ಲರ ಮುಂದೆ ಹಾಕಿದಳು. ಅದರ ಹಿಂದಿನದು ಒಣಗಿತ್ತು. ಗಂಡನ ಮುಖ ನೋಡಿದಳು.

ಮುನಿಶಾಮಿ ಕೋಲಿನಿಂದ ಆ ಕಪ್ಪು ಹುಲ್ಲನ್ನು ಕೆದಕಿದ. "ಎರಡೇ ತೆಕ್ಕೆ. ನನ್ನ ಮೊದಲನೇ ಮೆದೇಲಿ ಅರ್ಧಕ್ಕರ್ಧ ಹೋಗಿತ್ತು. ನಮ್ಮಪ್ಪ ಉಳಿದ ಹುಲ್ಲಲ್ಲೇ ಹಗ್ಗ ಹೊಸೆದು ಹೊಡೆದಿದ್ದ."

"ಇಷ್ಟು ವರ್ಷದಲ್ಲಿ ಒಂದಿನ ಹೇಳ್ಲಿಲ್ವಲ್ಲ ನೀನು."

"ನೀನು ಕೇಳ್ಲಿಲ್ವಲ್ಲ."

ಜನ ನಕ್ಕರು, ಅವಳೂ ನಕ್ಕಳು. ಮೇಷ್ಟ್ರು ಬ್ರಷ್ಷು, ಬಿಳಿ ಬಣ್ಣ ತಂದು ಬೋರ್ಡಿನ ಮುಂದೆ ಸ್ಟೂಲು ಹಾಕಿಕೊಂಡು ಕೂತರು. ಈಗ ಬರೆಯಬಹುದೇನಮ್ಮ ಅಂತ ಕೇಳಿದರು. ಬರೀರಿ ಸ್ವಾಮಿ ಅಂದಳು. ದುಂಡಗಿನ ಅಕ್ಷರದಲ್ಲಿ ಬರೆದು ಮುಗಿಸಿದರು. ದೊಡ್ಡಮುನಿಯಮ್ಮನಿಗೆ ಓದು ಬಾರದು. ಮುನಿಶಾಮಿ ಮೂರನೇ ಕ್ಲಾಸಿನ ತನಕ ಹೋಗಿದ್ದವನು. ಹಸಿ ಬಣ್ಣಕ್ಕೆ ತಾಗದ ಹಾಗೆ ಬೆರಳು ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಓದಿದ. ಓದಿ ತಲೆ ಅಲ್ಲಾಡಿಸಿದ.

"ಹೆಸರಿಗೆ ಮೊದಲು ಮೆದೆ ಅಂತ ಹಾಕಿ ಸ್ವಾಮಿ. ಬರೀ ದೊಡ್ಡಮುನಿಯಮ್ಮ ಅಂದ್ರೆ ನಮ್ಮೂರಲ್ಲಿ ನಾಲ್ಕು ಜನ ಅವ್ರೆ. ಯಾರು ಅಂತ ಗೊತ್ತಾಗೋದು ಹೆಂಗೆ?"

ಹೆಸರಿಗೆ ಮೊದಲು ಜಾಗ ಉಳಿದಿರಲಿಲ್ಲ. ಮೇಷ್ಟ್ರು ಸಣ್ಣ ಬ್ರಷ್ಷು ತರಿಸಿ ಎರಡು ಅಕ್ಷರ ಹೇಗೋ ತೂರಿಸಿದರು. ಏನು ಬರೆಸಿದೆ ಅಂತ ಅವಳು ಕೇಳಿದಳು. ನಿನ್ನ ಹೆಸರೇ ಅಂದ.

ಸಂಜೆ ಕದಿರೇಶನ ಆಟೋದ ಹಿಂದೆ ಆ ಮೆದೆಯ ಹುಲ್ಲು ಒಂದು ಹೊರೆ ಕಟ್ಟಿಕೊಂಡು ಬಂದರು. ಕಪ್ಪಾದ ಎರಡು ತೆಕ್ಕೆಯನ್ನೂ ಬಿಡದೆ ತಂದು ಅವಳು ತಿಪ್ಪೆಗೆ ಹಾಕಿದಳು. ಕೊಟ್ಟಿಗೆಯಲ್ಲಿ ಸೀಮೆಹಸು ಆಗಲೇ ಕೂಗುತ್ತಿತ್ತು. ಗೊಂತಿನಲ್ಲಿ ತಿಂದುಳಿದ ಕಸರು ಗೋರಿ ತೆಗೆದು, ಹೊರೆ ಬಿಚ್ಚಿ, ಹುಲ್ಲನ್ನು ಉದುರಿಸಿ ಹಾಕಿದಳು. ಹಸು ಮೂಸಿತು, ಒಂದು ಸಲ ಉಸಿರು ಬಿಟ್ಟು ಬಾಯಿ ಹಾಕಿತು. ಡೈರಿ ಮುಚ್ಚೋಕೆ ಮುಂಚೆ ಹಾಲು ಹಾಕಬೇಕು. ದೊಡ್ಡಮುನಿಯಮ್ಮ ಚೊಂಬಿನಲ್ಲಿ ನೀರು ತಂದು ಕೆಚ್ಚಲು ತೊಳೆದು, ಬೆರಳಿಗೆ ಎಣ್ಣೆ ಹಚ್ಚಿಕೊಂಡು, ಕ್ಯಾನನ್ನು ಮೊಣಕಾಲ ನಡುವೆ ಇಟ್ಟುಕೊಂಡು ಕರೆಯಲು ಕೂತಳು.